ಮಾತ್ರೆ ಬದಲಾದಾಗ ಮೂಳೆ, ಮೂತ್ರಪಿಂಡಗಳ ಲೆಕ್ಕ

ಎಚ್‌ಐವಿ ಸೋಂಕು ಇಂದು, ನಿತ್ಯ ಒಂದು ಮಾತ್ರೆಯ ನೆರವಿನಿಂದ ದಶಕಗಳ ಕಾಲ ಹತೋಟಿಯಲ್ಲಿಡಬಹುದಾದ ದೀರ್ಘಕಾಲದ ಕಾಯಿಲೆಯಾಗಿದೆ. ಬದುಕಿ ಉಳಿಯುವುದೇ ದೊಡ್ಡದೆನಿಸಿದ್ದ ಕಾಲದಲ್ಲಿ ಔಷಧವು ವೈರಾಣುವನ್ನು ತಡೆಯುತ್ತದೆಯೇ ಎಂಬುದಷ್ಟೇ ವೈದ್ಯರ ಮುಂದಿದ್ದ ಪ್ರಶ್ನೆಯಾಗಿತ್ತು. ಮೂವತ್ತರ ಹರೆಯದಲ್ಲಿ ಚಿಕಿತ್ಸೆ ಆರಂಭಿಸಿದವರು ಐವತ್ತು ದಾಟಿರುವ ಈ ಹೊತ್ತಿನಲ್ಲಿ, ಅದೇ ಔಷಧ ಇಪ್ಪತ್ತು ಮೂವತ್ತು ವರ್ಷಗಳಲ್ಲಿ ಮೂಳೆಯನ್ನೂ ಮೂತ್ರಪಿಂಡವನ್ನೂ ಯಾವ ಸ್ಥಿತಿಗೆ ತರುತ್ತದೆ, ಮತ್ತು ಔಷಧವನ್ನು ಬದಲಿಸಿದರೆ ಆ ಸ್ಥಿತಿ ಸುಧಾರಿಸುತ್ತದೆಯೇ ಎಂಬ ಪ್ರಶ್ನೆಗಳು ಅದರ ಜೊತೆ ಸೇರಿಕೊಂಡಿವೆ. ಭಾರತದಲ್ಲಿ ಎಚ್‌ಐವಿ ಸೋಂಕಿತರು ಹೆಚ್ಚಾಗಿರುವ ಮೊದಲ ಮೂರು ರಾಜ್ಯಗಳಲ್ಲಿ ಮಹಾರಾಷ್ಟ್ರ ಮತ್ತು ಆಂಧ್ರಪ್ರದೇಶಗಳ ಜೊತೆಗೆ ಕರ್ನಾಟಕವೂ ಇರುವುದರಿಂದ, ಇದು ಮಹಾನಗರದ ತಜ್ಞರಿಗಷ್ಟೇ ಸೇರಿದ ವಿಷಯವಾಗಿ ಉಳಿಯದೆ, ದೊಡ್ಡಬಳ್ಳಾಪುರದಂತಹ ತಾಲ್ಲೂಕು ಕೇಂದ್ರಗಳ ಆಸ್ಪತ್ರೆ, ಪ್ರಯೋಗಾಲಯ ಹಾಗೂ ಔಷಧ ಅಂಗಡಿಗಳವರೆಗೂ ತಲುಪುವ ವಿಷಯವಾಗಿದೆ.

ಇಪ್ಪತ್ತು ವರ್ಷಗಳಲ್ಲಿ ಬದಲಾದ ಮಾತ್ರೆಗಳು

ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆ, ಅಂದರೆ ನ್ಯಾಕೋ, 2004ರ ಏಪ್ರಿಲ್ 1ರಂದು ಉಚಿತ ಎಆರ್‌ಟಿ ಚಿಕಿತ್ಸೆಯನ್ನು ಆರಂಭಿಸಿದಾಗ, ಸೋಂಕು ಹೆಚ್ಚಾಗಿದ್ದ ಆರು ರಾಜ್ಯಗಳಲ್ಲಿ ಕರ್ನಾಟಕವೂ ಒಂದಾಗಿತ್ತು. ವೈರಾಣು ದೇಹದಲ್ಲಿ ಹೆಚ್ಚದಂತೆ ತಡೆಯುವ ಮೂರು ಔಷಧಗಳನ್ನು ಒಟ್ಟಿಗೆ ಕೊಡುವ ವಿಧಾನಕ್ಕೆ ಎಆರ್‌ಟಿ ಎಂದು ಹೆಸರು. ಆರಂಭದ ವರ್ಷಗಳಲ್ಲಿ ಬಳಕೆಯಲ್ಲಿದ್ದ ಸ್ಟಾವುಡಿನ್ ಅಗ್ಗವಾಗಿದ್ದರೂ ಕೆನ್ನೆ ಮತ್ತು ಕೈಕಾಲುಗಳ ಕೊಬ್ಬನ್ನು ಕರಗಿಸಿ ಪಾದಗಳಲ್ಲಿ ಉರಿ, ಜೋಮು ತರುತ್ತಿತ್ತು. ಅದರೊಂದಿಗೆ ಬಳಕೆಯಲ್ಲಿದ್ದ ಜಿಡೋವುಡಿನ್ ಕೆಲವರಲ್ಲಿ ತೀವ್ರ ರಕ್ತಹೀನತೆಯನ್ನು ಉಂಟುಮಾಡುತ್ತಿತ್ತು. 2009ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಸ್ಟಾವುಡಿನ್ ಬಳಕೆಯನ್ನು ಹಂತಹಂತವಾಗಿ ಕೈಬಿಡುವಂತೆ ಸೂಚಿಸಿದ ನಂತರ, ಅದರ ಸ್ಥಾನದಲ್ಲಿ ಟೆನೊಫೋವಿರ್ ಎಂಬ ಔಷಧ ಜಗತ್ತಿನಾದ್ಯಂತ ಚಿಕಿತ್ಸೆಯ ಅಡಿಗಲ್ಲಾಯಿತು.

ಪ್ರಾಗ್ ನಗರದ ರಸಾಯನಶಾಸ್ತ್ರಜ್ಞ ಆಂಟೊನಿನ್ ಹೋಲಿ ಅವರ ಸಂಶೋಧನೆಯಿಂದ ರೂಪುಗೊಂಡ ಟೆನೊಫೋವಿರ್‌ಗೆ 2001ರಲ್ಲಿ ಅಮೆರಿಕದಲ್ಲಿ ಅನುಮೋದನೆ ದೊರೆಯಿತು. ಭಾರತದಲ್ಲಿ ಇದಕ್ಕೆ ಸಲ್ಲಿಸಿದ್ದ ಪೇಟೆಂಟ್ ಅರ್ಜಿಗಳನ್ನು ಔಷಧ ಕಂಪನಿಗಳೂ ಸೋಂಕಿತರ ಸಂಘಟನೆಗಳೂ ವಿರೋಧಿಸಿದ್ದವು. 2009ರಲ್ಲಿ ಪೇಟೆಂಟ್ ಕಚೇರಿ ಅವನ್ನು ತಿರಸ್ಕರಿಸಿತು. ಹೀಗಾಗಿ ದೇಶೀಯ ತಯಾರಕರು ಕಡಿಮೆ ಬೆಲೆಯಲ್ಲಿ ಇದನ್ನು ಒದಗಿಸುವ ಹಾದಿ ಸುಗಮವಾಯಿತು. ಟೆನೊಫೋವಿರ್, ಲ್ಯಾಮಿವುಡಿನ್ ಮತ್ತು ಎಫಾವಿರೆಂಜ್ ಸೇರಿದ ‘ಟಿಎಲ್‌ಇ’ ಮಾತ್ರೆ ಸರ್ಕಾರಿ ಕೇಂದ್ರಗಳಲ್ಲಿ ಹಲವು ವರ್ಷ ಬಳಕೆಯಲ್ಲಿತ್ತು. 2020ರ ನಂತರ ಎಫಾವಿರೆಂಜ್ ಸ್ಥಾನಕ್ಕೆ ಡೊಲುಟೆಗ್ರಾವಿರ್ ಬಂದು ಅದು ‘ಟಿಎಲ್‌ಡಿ’ ಆಯಿತು. ಇಂದು ಹೆಚ್ಚಿನ ವಯಸ್ಕರು ನುಂಗುತ್ತಿರುವ ಈ ಒಂದೇ ಮಾತ್ರೆಯಲ್ಲಿ 300 ಮಿಲಿಗ್ರಾಂ ಟೆನೊಫೋವಿರ್, 300 ಮಿಲಿಗ್ರಾಂ ಲ್ಯಾಮಿವುಡಿನ್ ಮತ್ತು 50 ಮಿಲಿಗ್ರಾಂ ಡೊಲುಟೆಗ್ರಾವಿರ್ ಇರುತ್ತವೆ.

ಹೀಗೆ ಒಬ್ಬ ಹಳೆಯ ರೋಗಿ ಇಪ್ಪತ್ತು ವರ್ಷಗಳಲ್ಲಿ ಮೂರು ನಾಲ್ಕು ಬಾರಿ ಔಷಧ ಬದಲಿಸಿರುವ ಸಾಧ್ಯತೆಯಿದೆ. ಪ್ರತಿ ಬದಲಾವಣೆಯೂ ಒಂದು ತೊಂದರೆಯನ್ನು ಕಳೆದು ಮತ್ತೊಂದನ್ನು ಎಚ್ಚರದಿಂದ ನೋಡಿಕೊಳ್ಳಬೇಕಾದ ಸ್ಥಿತಿಯನ್ನು ತಂದಿದೆ. ಮೂಳೆ ಮತ್ತು ಮೂತ್ರಪಿಂಡಗಳ ವಿಷಯದಲ್ಲಿ ಈ ಮಾತು ಹೆಚ್ಚು ಸ್ಪಷ್ಟವಾಗಿ ಅನ್ವಯಿಸುತ್ತದೆ.

ಮೂತ್ರಪಿಂಡದೊಳಗೆ ನಡೆಯುವುದೇನು

ಟೆನೊಫೋವಿರ್ ಅನ್ನು ಹಾಗೆಯೇ ನುಂಗಿದರೆ ಕರುಳು ಅದನ್ನು ಸರಿಯಾಗಿ ಹೀರಿಕೊಳ್ಳುವುದಿಲ್ಲವಾದ್ದರಿಂದ, ಅದನ್ನು ಮತ್ತೊಂದು ರಾಸಾಯನಿಕದೊಡನೆ ಬೆಸೆದು ಕೊಡಲಾಗುತ್ತದೆ. ಹಳೆಯ ರೂಪವಾದ ಟೆನೊಫೋವಿರ್ ಡೈಸೊಪ್ರೊಕ್ಸಿಲ್, ಅಂದರೆ ಟಿಡಿಎಫ್, ರಕ್ತ ಸೇರುತ್ತಿದ್ದಂತೆಯೇ ಆ ಬೆಸುಗೆ ಕಳಚಿಕೊಂಡು ಟೆನೊಫೋವಿರ್ ಆಗುತ್ತದೆ. ರಕ್ತದಲ್ಲಿರುವ ಈ ಔಷಧವನ್ನು ಹೊರಹಾಕುವ ಕೆಲಸ ಮೂತ್ರಪಿಂಡಗಳದು. ರಕ್ತ ಸೋಸುವ ಜಾಲರಿಯ ನಂತರ ಬರುವ ಸಣ್ಣ ಕೊಳವೆಗಳ ಮೊದಲ ಭಾಗದ ಜೀವಕೋಶಗಳು ಟೆನೊಫೋವಿರ್ ಅನ್ನು ರಕ್ತದಿಂದ ಒಳಗೆಳೆದುಕೊಂಡು ಮೂತ್ರಕ್ಕೆ ಬಿಡುತ್ತವೆ. ಒಳಬರುವ ಪ್ರಮಾಣ ಹೊರಹೋಗುವ ಪ್ರಮಾಣವನ್ನು ಮೀರಿದಾಗ ಔಷಧ ಆ ಕೋಶಗಳಲ್ಲೇ ಉಳಿದು, ಅವುಗಳಿಗೆ ಶಕ್ತಿ ಒದಗಿಸುವ ಮೈಟೊಕಾಂಡ್ರಿಯಾಗಳಿಗೆ ಹಾನಿ ಮಾಡುತ್ತದೆ.

ದೇಹಕ್ಕೆ ಬೇಕಾದ ಸಕ್ಕರೆ, ರಂಜಕ, ಅಮೈನೋ ಆಮ್ಲ ಮತ್ತು ಬೈಕಾರ್ಬನೇಟುಗಳನ್ನು ಮೂತ್ರದಿಂದ ಮರಳಿ ರಕ್ತಕ್ಕೆ ಸೇರಿಸುವುದು ಈ ಕೋಶಗಳ ಮುಖ್ಯ ಕೆಲಸ. ಅವು ಬಳಲಿದಾಗ ಇವೆಲ್ಲವೂ ಮೂತ್ರದಲ್ಲಿ ಸೋರಿಹೋಗುತ್ತವೆ. ಈ ಸೋರಿಕೆ ತೀವ್ರವಾದ ಸ್ಥಿತಿಯನ್ನು ಫ್ಯಾಂಕೋನಿ ಸಿಂಡ್ರೋಮ್ ಎಂದು ಕರೆಯುತ್ತಾರೆ. ರಕ್ತದಲ್ಲಿ ಸಕ್ಕರೆಯ ಮಟ್ಟ ಸಹಜವಾಗಿದ್ದೂ ಮೂತ್ರದಲ್ಲಿ ಸಕ್ಕರೆ ಕಾಣಿಸಿಕೊಳ್ಳುವುದು ಅದರ ಪ್ರಮುಖ ಸುಳಿವು. ಆದರೆ ಡಪಾಗ್ಲಿಫ್ಲೋಜಿನ್‌ನಂತಹ ಮಧುಮೇಹದ ಹೊಸ ಮಾತ್ರೆಗಳೂ ಮೂತ್ರದ ಮೂಲಕವೇ ಸಕ್ಕರೆಯನ್ನು ಹೊರಹಾಕುವುದರಿಂದ, ರೋಗಿ ಸೇವಿಸುತ್ತಿರುವ ಎಲ್ಲ ಔಷಧಗಳೂ ವೈದ್ಯರಿಗೆ ತಿಳಿದಿರಬೇಕು. ಫ್ಯಾಂಕೋನಿ ಸಿಂಡ್ರೋಮ್ ಅಪರೂಪ. ಹೆಚ್ಚಿನವರಲ್ಲಿ ಟಿಡಿಎಫ್ ಯಾವ ಗಂಭೀರ ತೊಂದರೆಯನ್ನೂ ಮಾಡುವುದಿಲ್ಲ. ವಯಸ್ಸು, ಕಡಿಮೆ ತೂಕ, ಮಧುಮೇಹ, ರಕ್ತದೊತ್ತಡ ಮತ್ತು ಮೊದಲೇ ಇದ್ದ ಮೂತ್ರಪಿಂಡದ ದೌರ್ಬಲ್ಯಗಳು ಅಪಾಯವನ್ನು ಹೆಚ್ಚಿಸುತ್ತವೆ. ಮೊದಲ ಹಂತದ ಔಷಧ ಫಲಿಸದಿದ್ದಾಗ ಕೊಡುವ ಅಟಾಜನಾವಿರ್, ಲೋಪಿನಾವಿರ್ ಮೊದಲಾದವುಗಳ ಜೊತೆಗಿರುವ ರಿಟೊನಾವಿರ್ ಕೂಡ ರಕ್ತದಲ್ಲಿ ಟೆನೊಫೋವಿರ್ ಪ್ರಮಾಣವನ್ನು ಏರಿಸುವುದರಿಂದ, ಎರಡನೆಯ ಹಂತದ ಚಿಕಿತ್ಸೆಯಲ್ಲಿರುವವರ ಮೇಲೆ ಹೆಚ್ಚಿನ ನಿಗಾ ಬೇಕಾಗುತ್ತದೆ.

ಕ್ರಿಯಾಟಿನಿನ್ ಏರಿಕೆಯ ಎರಡು ಅರ್ಥಗಳು

ಮೂತ್ರಪಿಂಡಗಳ ಕೆಲಸವನ್ನು ಸಾಮಾನ್ಯವಾಗಿ ಅಳೆಯುವುದು ರಕ್ತದಲ್ಲಿನ ಕ್ರಿಯಾಟಿನಿನ್ ಎಂಬ ತ್ಯಾಜ್ಯದ ಮಟ್ಟದಿಂದ. ಸ್ನಾಯುಗಳಲ್ಲಿ ಹುಟ್ಟುವ ಈ ವಸ್ತುವನ್ನು ಮೂತ್ರಪಿಂಡಗಳು ಬಹುಪಾಲು ಸೋಸಿ ತೆಗೆಯುತ್ತವೆ. ಸ್ವಲ್ಪ ಭಾಗವನ್ನು ಮಾತ್ರ ಕೊಳವೆಯ ಕೋಶಗಳು ನೇರವಾಗಿ ಮೂತ್ರಕ್ಕೆ ತಳ್ಳುತ್ತವೆ. ಟಿಎಲ್‌ಇಯಿಂದ ಟಿಎಲ್‌ಡಿಗೆ ಬದಲಾದವರ ವರದಿಗಳನ್ನು ಓದುವಾಗ ಎಡವುವುದು ಇಲ್ಲಿಯೇ: ಡೊಲುಟೆಗ್ರಾವಿರ್ ಎರಡನೆಯ ದಾರಿಯನ್ನು ಭಾಗಶಃ ಮುಚ್ಚುತ್ತದೆ. ಆಗ ಸೋಸುವ ಸಾಮರ್ಥ್ಯ ಕಿಂಚಿತ್ತೂ ಕುಗ್ಗದಿದ್ದರೂ ರಕ್ತದಲ್ಲಿ ಕ್ರಿಯಾಟಿನಿನ್ ಡೆಸಿಲೀಟರಿಗೆ ಸುಮಾರು 0.1ರಿಂದ 0.15 ಮಿಲಿಗ್ರಾಂನಷ್ಟು ಏರಿ, ಮೊದಲ ಕೆಲವು ವಾರಗಳ ನಂತರ ಅದೇ ಮಟ್ಟದಲ್ಲಿ ನಿಲ್ಲುತ್ತದೆ. ಸೋಸುವಿಕೆಯನ್ನು ಬೇರೆ ವಸ್ತುಗಳ ಮೂಲಕ ನೇರವಾಗಿ ಅಳೆದ ಅಧ್ಯಯನಗಳಲ್ಲಿ ಡೊಲುಟೆಗ್ರಾವಿರ್ ಅದನ್ನು ತಗ್ಗಿಸುವುದಿಲ್ಲವೆಂದು ಕಂಡುಬಂದಿದೆ.

ಅಂಕಿಗಳ ಮೂಲಕ ನೋಡಿದರೆ ಇದರ ಪರಿಣಾಮ ಇನ್ನೂ ಸ್ಪಷ್ಟವಾಗುತ್ತದೆ. 1976ರಿಂದ ಬಳಕೆಯಲ್ಲಿರುವ ಕಾಕ್‌ಕ್ರಾಫ್ಟ್–ಗಾಲ್ಟ್ ಸೂತ್ರದ ಪ್ರಕಾರ, 140ರಿಂದ ವಯಸ್ಸನ್ನು ಕಳೆದು, ಉಳಿದದ್ದನ್ನು ಕಿಲೋಗ್ರಾಂ ತೂಕದಿಂದ ಗುಣಿಸಿ, ಆ ಮೊತ್ತವನ್ನು ಕ್ರಿಯಾಟಿನಿನ್‌ನ 72 ಪಟ್ಟಿನಿಂದ ಭಾಗಿಸಬೇಕು; ಮಹಿಳೆಯರಲ್ಲಿ ಬಂದ ಉತ್ತರವನ್ನು ಮತ್ತೆ 0.85ರಿಂದ ಗುಣಿಸಬೇಕು. 50 ವರ್ಷದ, 45 ಕಿಲೋ ತೂಕದ ಮಹಿಳೆಯ ಕ್ರಿಯಾಟಿನಿನ್ 0.85 ಇದ್ದರೆ ಉತ್ತರ ನಿಮಿಷಕ್ಕೆ ಸುಮಾರು 56 ಮಿಲಿಲೀಟರ್ ಬರುತ್ತದೆ. ಡೊಲುಟೆಗ್ರಾವಿರ್ ಆರಂಭಿಸಿದ ಮೇಲೆ ಕ್ರಿಯಾಟಿನಿನ್ 1.0 ಆದರೆ ಅದೇ ಲೆಕ್ಕ 48ಕ್ಕೆ ಇಳಿಯುತ್ತದೆ. ರಾಷ್ಟ್ರೀಯ ಮಾರ್ಗಸೂಚಿಯಲ್ಲಿ ಟಿಡಿಎಫ್ ಬಳಸಬಾರದೆಂದು ಹೇಳುವ ಗಡಿ 50 ಆಗಿರುವುದರಿಂದ, ಮೂತ್ರಪಿಂಡಗಳು ನಿನ್ನೆಯಂತೆಯೇ ಕೆಲಸ ಮಾಡುತ್ತಿದ್ದರೂ ಕಾಗದದ ಮೇಲೆ ಆ ಮಹಿಳೆ ಗಡಿಯ ಆಚೆ ಹೋಗಿರುತ್ತಾರೆ.

ಈ ಲೆಕ್ಕದಿಂದ ಎರಡು ಪಾಠಗಳು ಹೊರಡುತ್ತವೆ. ಮೊದಲನೆಯದು, ಹಲವು ಪ್ರಯೋಗಾಲಯಗಳ ವರದಿಯಲ್ಲಿ 1.0 ಎಂಬ ಅಂಕಿ ಸಹಜ ಮಿತಿಯೊಳಗೇ ಇರುವುದಾದರೂ, ತೂಕ ಕಡಿಮೆಯಿದ್ದು ವಯಸ್ಸು ಮೀರಿದವರಲ್ಲಿ ಆ ಅಂಕಿಯ ಹಿಂದೆ ಕುಗ್ಗಿದ ಸಾಮರ್ಥ್ಯ ಅಡಗಿರಬಹುದು. ಆದ್ದರಿಂದ ತೂಕ ಮತ್ತು ವಯಸ್ಸುಗಳನ್ನು ಸೇರಿಸದೆ ಕ್ರಿಯಾಟಿನಿನ್ ಒಂದನ್ನೇ ಓದುವುದು ಸಾಲದು. ಎರಡನೆಯದು, ಮಾತ್ರೆ ಬದಲಿಸುವ ಮೊದಲಿನ ಅಂಕಿ ಇಲ್ಲದೆ ಹೋದರೆ ಬದಲಿಸಿದ ನಂತರದ ಅಂಕಿಗೆ ಅರ್ಥವೇ ಇರುವುದಿಲ್ಲ. ಏರಿಕೆ ಅಲ್ಪವಾಗಿದ್ದು, ಕೆಲವು ವಾರಗಳಲ್ಲಿ ಸ್ಥಿರವಾಗಿ, ಮೂತ್ರದಲ್ಲಿ ಪ್ರೋಟೀನಾಗಲಿ ಸಕ್ಕರೆಯಾಗಲಿ ಕಾಣದಿದ್ದರೆ ಅದು ಡೊಲುಟೆಗ್ರಾವಿರ್‌ನ ನಿರುಪದ್ರವ ಗುಣ. ಏರಿಕೆ ತಿಂಗಳಿಂದ ತಿಂಗಳಿಗೆ ಮುಂದುವರಿದರೆ, ಇಲ್ಲವೇ ಮೂತ್ರದಲ್ಲಿ ಪ್ರೋಟೀನ್ ಸೇರಿಕೊಂಡರೆ, ಅದು ಟೆನೊಫೋವಿರ್ ಅಥವಾ ಬೇರೊಂದು ಕಾಯಿಲೆಯ ಹಾನಿಯಾಗಿರಬಹುದು. ಸಂದೇಹ ಉಳಿದಾಗ ಸಿಸ್ಟಾಟಿನ್-ಸಿ ಎಂಬ ಮತ್ತೊಂದು ರಕ್ತಪರೀಕ್ಷೆ ನೆರವಿಗೆ ಬರುತ್ತದೆ. ಕ್ರಿಯಾಟಿನಿನ್‌ನಂತೆ ಅದರ ಮಟ್ಟವನ್ನು ಡೊಲುಟೆಗ್ರಾವಿರ್ ಏರುಪೇರು ಮಾಡುವುದಿಲ್ಲ.

ಮೂಳೆಯ ಸಾಂದ್ರತೆ

ಮೂಳೆ ಸದಾ ಸವೆಯುತ್ತ, ಸದಾ ಹೊಸದಾಗಿ ಕಟ್ಟಿಕೊಳ್ಳುತ್ತ ಇರುವ ಅಂಗಾಂಶ. ಎಚ್‌ಐವಿ ಸೋಂಕು ಉಂಟುಮಾಡುವ ದೀರ್ಘಕಾಲದ ಉರಿಯೂತ ಮತ್ತು ರೋಗನಿರೋಧಕ ಕೋಶಗಳ ಅಸ್ತವ್ಯಸ್ತತೆಯಿಂದ ಈ ಸಮತೋಲ ಸವೆತದ ಕಡೆಗೆ ವಾಲುತ್ತದೆ. ಚಿಕಿತ್ಸೆ ಆರಂಭಿಸಿದ ಮೊದಲ ಒಂದೆರಡು ವರ್ಷಗಳಲ್ಲಿ, ಔಷಧ ಯಾವುದೇ ಆಗಿರಲಿ, ಮೂಳೆಯ ಸಾಂದ್ರತೆ ಶೇಕಡಾ 2ರಿಂದ 6ರಷ್ಟು ಕುಸಿದು ನಂತರ ಸ್ಥಿರವಾಗುತ್ತದೆ. ಟಿಡಿಎಫ್ ಇರುವ ಚಿಕಿತ್ಸೆಯಲ್ಲಿ ಈ ಕುಸಿತ ತುಸು ಹೆಚ್ಚು. ಮೂತ್ರಪಿಂಡದಿಂದ ರಂಜಕ ಸೋರಿಹೋದರೆ ಮೂಳೆ ಗಟ್ಟಿಯಾಗಲು ಬೇಕಾದ ಖನಿಜವೇ ಕಡಿಮೆಯಾಗಿ, ಮೂಳೆ ಮೆತುವಾಗುವ ಆಸ್ಟಿಯೊಮಲೇಶಿಯ ಉಂಟಾಗಬಹುದು. ಹೀಗಾಗಿ ಮೂತ್ರಪಿಂಡದ ಹಾನಿ ಮತ್ತು ಮೂಳೆಯ ಹಾನಿ ಬಹುಮಟ್ಟಿಗೆ ಒಂದೇ ಸರಣಿಯ ಎರಡು ಕೊಂಡಿಗಳು. ಸೊಂಟ, ತೊಡೆಗಳಲ್ಲಿ ಬಿಡದ ನೋವು ಮತ್ತು ಕುಳಿತಲ್ಲಿಂದ ಏಳಲು ಆಗದಂತಹ ಸ್ನಾಯು ದೌರ್ಬಲ್ಯ ಕಾಣಿಸಿಕೊಂಡರೆ, ಅದನ್ನು ವಯಸ್ಸಿನ ನೋವೆಂದು ಬಿಟ್ಟುಬಿಡದೆ ರಂಜಕದ ಮಟ್ಟವನ್ನು ನೋಡಿಸುವುದು ಈ ಕಾರಣಕ್ಕಾಗಿಯೇ ಅಗತ್ಯ.

ಮೂಳೆಯ ಸಾಂದ್ರತೆಯನ್ನು ಅಳೆಯುವ ವಿಧಾನ ಡೆಕ್ಸಾ ಸ್ಕ್ಯಾನ್. ಆರೋಗ್ಯವಂತ ಯುವಜನರ ಸರಾಸರಿಗೆ ಹೋಲಿಸಿ ಕೊಡುವ ಟಿ-ಅಂಕ ಮೈನಸ್ 1 ಮತ್ತು ಮೈನಸ್ 2.5ರ ನಡುವೆ ಇದ್ದರೆ ಮೂಳೆ ತೆಳುವಾಗುತ್ತಿದೆ ಎಂದೂ, ಮೈನಸ್ 2.5 ಅಥವಾ ಅದಕ್ಕಿಂತ ಕಡಿಮೆಯಿದ್ದರೆ ಆಸ್ಟಿಯೊಪೊರೋಸಿಸ್ ಎಂದೂ ತಿಳಿಯಬೇಕು. ಮುಟ್ಟು ನಿಂತ ಮಹಿಳೆಯರು ಹಾಗೂ 50 ದಾಟಿದ ಪುರುಷರು ಎಚ್‌ಐವಿ ಚಿಕಿತ್ಸೆಯಲ್ಲಿದ್ದರೆ ಈ ಪರೀಕ್ಷೆ ಮಾಡಿಸಿಕೊಳ್ಳುವುದು ಒಳ್ಳೆಯದೆಂಬುದು ತಜ್ಞರ ಸಾಮಾನ್ಯ ಸಲಹೆ. ಎಫಾವಿರೆಂಜ್ ದೇಹದಲ್ಲಿನ ವಿಟಮಿನ್-ಡಿ ಬೇಗ ಒಡೆದುಹೋಗುವಂತೆ ಮಾಡುವುದರಿಂದ, ಅದನ್ನು ಬಿಟ್ಟು ಡೊಲುಟೆಗ್ರಾವಿರ್‌ಗೆ ಬದಲಾಗಿರುವುದು ಮೂಳೆಯ ದೃಷ್ಟಿಯಿಂದ ಅನುಕೂಲವೆಂದೇ ಹೇಳಬೇಕು.

ಬದಲಿ ಔಷಧಗಳ ಲಾಭ ಮತ್ತು ಬೆಲೆ

ಟಿಡಿಎಫ್ ತೊಂದರೆ ಕೊಟ್ಟಾಗ ಮೂರು ದಾರಿಗಳಿವೆ. ಮೊದಲನೆಯದು ಟೆನೊಫೋವಿರ್‌ನ ಹೊಸ ರೂಪವಾದ ಅಲಾಫೆನಮೈಡ್, ಅಂದರೆ ಟಿಎಎಫ್. ಇದರ ಬೆಸುಗೆ ಕಳಚುವುದು ಬಹುಮಟ್ಟಿಗೆ ಜೀವಕೋಶಗಳ ಒಳಗೆ; ಆದ್ದರಿಂದ 300 ಮಿಲಿಗ್ರಾಂ ಬದಲು 25 ಮಿಲಿಗ್ರಾಂ ಸಾಕಾಗುತ್ತದೆ ಮತ್ತು ರಕ್ತದಲ್ಲಿ ಟೆನೊಫೋವಿರ್ ಪ್ರಮಾಣ ಸುಮಾರು ಶೇಕಡಾ 90ರಷ್ಟು ತಗ್ಗುತ್ತದೆ. 2015ರಲ್ಲಿ ಅಮೆರಿಕದಲ್ಲಿ ಮೊದಲು ಅನುಮೋದನೆ ಪಡೆದ ಈ ಔಷಧಕ್ಕೆ ಬದಲಾದವರಲ್ಲಿ 48 ವಾರಗಳೊಳಗೆ ಸೊಂಟ ಹಾಗೂ ಬೆನ್ನುಮೂಳೆಯ ಸಾಂದ್ರತೆ ಸರಾಸರಿ ಶೇಕಡಾ ಒಂದೂವರೆಯಷ್ಟು ಏರಿ, ಮೂತ್ರದಲ್ಲಿ ಪ್ರೋಟೀನ್ ಸೋರಿಕೆ ಇಳಿದದ್ದನ್ನು ಅಧ್ಯಯನಗಳು ದಾಖಲಿಸಿವೆ. ಆದರೆ ಈ ಲಾಭ ಎದ್ದು ಕಾಣುವುದು ಟೆನೊಫೋವಿರ್ ಮಟ್ಟವನ್ನು ಏರಿಸುವ ಔಷಧಗಳು ಜೊತೆಗಿದ್ದಾಗ. ಟಿಎಲ್‌ಡಿಯಲ್ಲಿ ಅಂತಹ ಔಷಧ ಇಲ್ಲದಿರುವುದರಿಂದ ಎರಡು ರೂಪಗಳ ನಡುವಣ ಅಂತರ ಕಿರಿದಾಗುತ್ತದೆ. ಜೊತೆಗೆ ಟಿಎಎಫ್‌ಗೆ ಬದಲಾದವರಲ್ಲಿ ಕೊಲೆಸ್ಟ್ರಾಲ್ ಮತ್ತು ತೂಕ ಏರುವುದು ಕಂಡುಬಂದಿದೆ: ದಕ್ಷಿಣ ಆಫ್ರಿಕದಲ್ಲಿ 1,053 ಜನರ ಮೇಲೆ ನಡೆದು 2019ರಲ್ಲಿ ಪ್ರಕಟವಾದ ‘ಅಡ್ವಾನ್ಸ್’ ಅಧ್ಯಯನದಲ್ಲಿ, ಡೊಲುಟೆಗ್ರಾವಿರ್ ಜೊತೆ ಟಿಎಎಫ್ ಪಡೆದವರ ತೂಕ 48 ವಾರಗಳಲ್ಲಿ ಸರಾಸರಿ ಸುಮಾರು 6 ಕಿಲೋ ಏರಿದರೆ, ಟಿಡಿಎಫ್ ಪಡೆದವರಲ್ಲಿ ಸುಮಾರು 3 ಕಿಲೋ ಏರಿತು, ಏರಿಕೆ ಮಹಿಳೆಯರಲ್ಲಿ ಹೆಚ್ಚಾಗಿತ್ತು. ಆಸ್ಟಿಯೊಪೊರೋಸಿಸ್ ಅಥವಾ ಕುಗ್ಗಿದ ಮೂತ್ರಪಿಂಡ ಇರುವವರಿಗೆ ಟಿಎಎಫ್ ಅನ್ನು ಪರಿಗಣಿಸಬಹುದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆಯೇ ಹೊರತು ಎಲ್ಲರಿಗೂ ಕೊಡಬೇಕೆಂದು ಹೇಳುವುದಿಲ್ಲ.

ಎರಡನೆಯ ದಾರಿ ಅಬಕಾವಿರ್. ಮೂತ್ರಪಿಂಡದ ಸಾಮರ್ಥ್ಯ ಕುಸಿದವರಿಗೆ ನಮ್ಮ ಸರ್ಕಾರಿ ಕಾರ್ಯಕ್ರಮದಲ್ಲಿ ಟೆನೊಫೋವಿರ್ ಬದಲು ಕೊಡುವುದು ಇದನ್ನೇ. ಇದು ಮೂಳೆಗೂ ಮೂತ್ರಪಿಂಡಕ್ಕೂ ಸೌಮ್ಯವಾದುದಾದರೂ, ಒಂದು ನಿರ್ದಿಷ್ಟ ವಂಶವಾಹಿ ಗುಣವಿರುವ ಕೆಲವರಲ್ಲಿ ಮೊದಲ ಆರು ವಾರಗಳೊಳಗೆ ಜ್ವರ, ಗಂದೆ, ವಾಂತಿ, ಉಸಿರಾಟದ ತೊಂದರೆಗಳೊಂದಿಗೆ ತೀವ್ರ ಅಲರ್ಜಿ ತರಬಲ್ಲದು; ಅಂಥವರು ಒಮ್ಮೆ ಬಿಟ್ಟ ಅಬಕಾವಿರ್ ಅನ್ನು ಮತ್ತೆಂದೂ ಸೇವಿಸಬಾರದು. ಹೃದಯಾಘಾತದ ಅಪಾಯಕ್ಕೂ ಇದಕ್ಕೂ ನಂಟಿದೆಯೆಂದು ಹಲವು ಅಧ್ಯಯನಗಳು ಸೂಚಿಸಿರುವುದರಿಂದ ಹೃದ್ರೋಗಿಗಳಲ್ಲಿ ಎಚ್ಚರ ಬೇಕು. ಮೂರನೆಯ ದಾರಿ ಟೆನೊಫೋವಿರ್ ಇಲ್ಲದೆ ಡೊಲುಟೆಗ್ರಾವಿರ್ ಮತ್ತು ಲ್ಯಾಮಿವುಡಿನ್ ಎರಡನ್ನೇ ಕೊಡುವುದು. ವೈರಾಣು ಹತೋಟಿಯಲ್ಲಿದ್ದು ಔಷಧ ನಿರೋಧಕತೆ ಇಲ್ಲದವರಲ್ಲಿ ಇದು ಫಲಕಾರಿ.

ಈ ಮೂರರಲ್ಲಿ ಯಾವುದನ್ನು ಆರಿಸುವ ಮೊದಲೂ ಹೆಪಟೈಟಿಸ್-ಬಿ ಇದೆಯೇ ಎಂದು ತಿಳಿದಿರಬೇಕು. ಟೆನೊಫೋವಿರ್ ಎಚ್‌ಐವಿಯ ಜೊತೆಗೆ ಯಕೃತ್ತಿನ ಆ ವೈರಾಣುವನ್ನೂ ಅಡಗಿಸುವುದರಿಂದ, ಎರಡೂ ಸೋಂಕು ಇರುವವರಲ್ಲಿ ಅದನ್ನು ಏಕಾಏಕಿ ನಿಲ್ಲಿಸಿದರೆ ಯಕೃತ್ತಿನ ಕಾಯಿಲೆ ಭುಗಿಲೇಳಬಹುದು. ಮೂತ್ರಪಿಂಡ ಉಳಿಸಿಕೊಳ್ಳಲೆಂದು ರೋಗಿಯೇ ಕೆಲಕಾಲ ಮಾತ್ರೆ ಬಿಡುವುದು ಇದಕ್ಕಿಂತಲೂ ದೊಡ್ಡ ತಪ್ಪು. ಸುಮಾರು 5,500 ಜನ ಭಾಗವಹಿಸಿದ್ದ ‘ಸ್ಮಾರ್ಟ್’ ಎಂಬ ಅಂತರರಾಷ್ಟ್ರೀಯ ಅಧ್ಯಯನ, ಚಿಕಿತ್ಸೆಯನ್ನು ನಡುನಡುವೆ ನಿಲ್ಲಿಸಿದವರಲ್ಲಿ ಸಾವು ಮಾತ್ರವಲ್ಲದೆ ಹೃದಯ, ಯಕೃತ್ತು ಮತ್ತು ಮೂತ್ರಪಿಂಡಗಳ ಗಂಭೀರ ತೊಂದರೆಗಳೂ ಹೆಚ್ಚುತ್ತವೆಂದು 2006ರಲ್ಲೇ ತೋರಿಸಿದೆ.

ದೊಡ್ಡಬಳ್ಳಾಪುರದ ಸಂದರ್ಭ

ವಿದ್ಯುತ್ ಮಗ್ಗಗಳ ರೇಷ್ಮೆ ಸೀರೆಗೆ ಹೆಸರಾದ, ಅಪ್ಯಾರಲ್ ಪಾರ್ಕ್ ಮತ್ತು ಕೈಗಾರಿಕಾ ಪ್ರದೇಶಗಳಿಂದ ಸುತ್ತುವರಿದ ದೊಡ್ಡಬಳ್ಳಾಪುರದಲ್ಲಿ, ಮೂಳೆ ಮತ್ತು ಮೂತ್ರಪಿಂಡಗಳ ಆರೋಗ್ಯವನ್ನು ಔಷಧ ಒಂದೇ ನಿರ್ಧರಿಸುವುದಿಲ್ಲ. ಮಗ್ಗದ ಮನೆಯಲ್ಲಿ ಅಥವಾ ಗಾರ್ಮೆಂಟ್ಸ್‌ನಲ್ಲಿ ಹಗಲಿಡೀ ಸೂರಿನ ಕೆಳಗೆ ದುಡಿಯುವವರ ಮೈಗೆ ಬಿಸಿಲು ಬೀಳುವುದು ಕಡಿಮೆಯಾದ್ದರಿಂದ ಚರ್ಮದಲ್ಲಿ ವಿಟಮಿನ್-ಡಿ ತಯಾರಾಗುವುದೂ ಕಡಿಮೆ. ಬೆನ್ನುನೋವು, ಕೀಲುನೋವಿಗೆಂದು ಚೀಟಿಯಿಲ್ಲದೆ ಕೊಳ್ಳುವ ಡೈಕ್ಲೋಫೆನಾಕ್‌ನಂತಹ ನೋವಿನ ಮಾತ್ರೆಗಳು ಟಿಡಿಎಫ್ ಜೊತೆ ಸೇರಿದಾಗ ಮೂತ್ರಪಿಂಡಕ್ಕೆ ಹಠಾತ್ತನೆ ಪೆಟ್ಟು ಕೊಡಬಲ್ಲವು. ವಾಂತಿಭೇದಿಯಿಂದಲೋ ಬೇಸಿಗೆಯಲ್ಲಿ ನೀರು ಕುಡಿಯದೆ ದುಡಿಯುವುದರಿಂದಲೋ ದೇಹ ಒಣಗಿದ್ದಾಗ ಈ ಅಪಾಯ ಇನ್ನೂ ಹೆಚ್ಚು. ಪ್ಯಾರಸಿಟಮಾಲ್ ಮಿತಿಯಲ್ಲಿ ಬಳಸುವುದು ಹೋಲಿಕೆಯಲ್ಲಿ ಸುರಕ್ಷಿತ.

ಕುಡಿಯುವ ನೀರೂ ಇಲ್ಲಿ ಗಣನೆಗೆ ಬರಬೇಕು. ತಾಲ್ಲೂಕಿಗೆ ಹೊಂದಿಕೊಂಡ ಚಿಕ್ಕಬಳ್ಳಾಪುರ, ತುಮಕೂರು ಜಿಲ್ಲೆಗಳೂ ಸೇರಿದಂತೆ ಬಯಲುಸೀಮೆಯ ಹಲವೆಡೆ ಆಳದ ಕೊಳವೆಬಾವಿಗಳಲ್ಲಿ ಫ್ಲೋರೈಡ್ ಹೆಚ್ಚಾಗಿರುವುದು ತಿಳಿದ ಸಂಗತಿ; ಲೀಟರಿಗೆ 1.5 ಮಿಲಿಗ್ರಾಂ ಮೀರಿದ ನೀರು ಕುಡಿಯಲು ಯೋಗ್ಯವಲ್ಲವೆಂದು ಭಾರತೀಯ ಮಾನಕ ಹೇಳುತ್ತದೆ. ಫ್ಲೋರೈಡ್ ದೇಹದಿಂದ ಹೊರಹೋಗುವುದು ಮೂತ್ರಪಿಂಡಗಳ ಮೂಲಕವಾದ್ದರಿಂದ ಅವು ಕುಗ್ಗಿದವರ ಮೂಳೆಯಲ್ಲಿ ಅದು ಹೆಚ್ಚು ಶೇಖರವಾಗುತ್ತದೆ. ಹೀಗೆ ಫ್ಲೋರೈಡ್ ತುಂಬಿದ ಮೂಳೆ ಡೆಕ್ಸಾ ಸ್ಕ್ಯಾನಿನಲ್ಲಿ ಸಾಂದ್ರವಾಗಿ ಕಂಡರೂ ಗಟ್ಟಿತನದಲ್ಲಿ ದುರ್ಬಲವಾಗಿರಬಹುದು. ಆದ್ದರಿಂದ ಇಂತಹ ಪ್ರದೇಶಗಳಿಂದ ಬಂದವರ ಸ್ಕ್ಯಾನ್ ಅಂಕಿಯನ್ನು ಅವರು ಕುಡಿಯುವ ನೀರಿನ ಮೂಲ ತಿಳಿದುಕೊಂಡು ಓದಬೇಕಾಗುತ್ತದೆ.

ಈ ಭಾಗದ ಊಟದಲ್ಲಿ ಒಂದು ಸ್ವಾಭಾವಿಕ ಅನುಕೂಲವೂ ಇದೆ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇರುವುದರಿಂದ, ಮುದ್ದೆ, ಸೊಪ್ಪು, ಮಜ್ಜಿಗೆಗಳ ಊಟ ಮೂಳೆಗೆ ಒಳ್ಳೆಯ ಆಧಾರ. ಊಟ ಸಾಲದೆ ಕ್ಯಾಲ್ಸಿಯಂ ಅಥವಾ ಕಬ್ಬಿಣದ ಮಾತ್ರೆ ಸೇವಿಸುವವರು ಮಾತ್ರ ಸಮಯದ ಬಗ್ಗೆ ಎಚ್ಚರ ವಹಿಸಬೇಕು: ಇವು ಖಾಲಿ ಹೊಟ್ಟೆಯಲ್ಲಿ ಡೊಲುಟೆಗ್ರಾವಿರ್ ಜೊತೆ ಸೇರಿದರೆ ಅದನ್ನು ಕಟ್ಟಿಹಾಕಿ ರಕ್ತಕ್ಕೆ ಸೇರದಂತೆ ಮಾಡುತ್ತವೆ. ಎಚ್‌ಐವಿ ಮಾತ್ರೆಯನ್ನು ಇವುಗಳಿಗಿಂತ ಎರಡು ಗಂಟೆ ಮೊದಲು ಅಥವಾ ಆರು ಗಂಟೆ ನಂತರ ನುಂಗಬೇಕು, ಇಲ್ಲವೇ ಎರಡನ್ನೂ ಊಟದ ಜೊತೆಯಲ್ಲೇ ತೆಗೆದುಕೊಳ್ಳಬೇಕು. ಎದೆಯುರಿಗೆ ಸೇವಿಸುವ ಮೆಗ್ನೀಸಿಯಂ, ಅಲ್ಯೂಮಿನಿಯಂ ಇರುವ ಆಂಟಾಸಿಡ್‌ಗಳಿಗೆ ಊಟದ ಈ ವಿನಾಯಿತಿ ಇಲ್ಲ, ಗಂಟೆಗಳ ಅಂತರವೇ ಬೇಕು. ಮಧುಮೇಹದ ಮೆಟ್‌ಫಾರ್ಮಿನ್ ಪ್ರಮಾಣವನ್ನೂ ಡೊಲುಟೆಗ್ರಾವಿರ್ ರಕ್ತದಲ್ಲಿ ಏರಿಸುವುದರಿಂದ ಅದನ್ನು ಸಾಮಾನ್ಯವಾಗಿ ದಿನಕ್ಕೆ 1,000 ಮಿಲಿಗ್ರಾಂ ಮೀರದಂತೆ ನೋಡಿಕೊಳ್ಳಲಾಗುತ್ತದೆ. ಮೂತ್ರಪಿಂಡ ಕುಗ್ಗಿದವರಲ್ಲಿ ಮಿತಿ ಇನ್ನೂ ಕಡಿಮೆ.

ಈ ಎಲ್ಲ ಎಚ್ಚರಗಳಿಗೆ ಅಡ್ಡಿಯಾಗಿ ನಿಲ್ಲುವುದು ಹಲವೊಮ್ಮೆ ವೈದ್ಯಕೀಯ ಕಾರಣವಲ್ಲ, ಗುಟ್ಟು. ಸೋಂಕಿನ ವಿಷಯ ತಿಳಿದೀತೆಂಬ ಅಂಜಿಕೆಯಿಂದ ಖಾಸಗಿ ವೈದ್ಯರಿಗೆ ಎಆರ್‌ಟಿ ಮಾತ್ರೆಯ ಹೆಸರು ಹೇಳದೆ ನೋವಿನ ಔಷಧ ಪಡೆಯುವವರಿಗೆ, ಎರಡು ಔಷಧಗಳ ನಡುವಿನ ಸಂಘರ್ಷವನ್ನು ಎಚ್ಚರಿಸುವವರೇ ಇಲ್ಲದಂತಾಗುತ್ತದೆ. 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿರುವ 2017ರ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆ ಸೋಂಕಿತರ ಮಾಹಿತಿಯ ಗೋಪ್ಯತೆಯನ್ನು ರಕ್ಷಿಸುತ್ತದೆ ಮತ್ತು ಉದ್ಯೋಗ, ಚಿಕಿತ್ಸೆಗಳಲ್ಲಿ ತಾರತಮ್ಯವನ್ನು ನಿಷೇಧಿಸುತ್ತದೆ. ಸಂದೇಹಗಳಿಗೆ 1097 ಎಂಬ ಉಚಿತ ರಾಷ್ಟ್ರೀಯ ಸಹಾಯವಾಣಿಯೂ ಇದೆ.

ಔಷಧ ಬದಲಾವಣೆ ತಾನಾಗಿ ವರವೂ ಅಲ್ಲ, ಶಾಪವೂ ಅಲ್ಲ. ಬದಲಾವಣೆಯ ಮೊದಲಿನ ಅಳತೆ ಮತ್ತು ನಂತರದ ಅಳತೆ ಎರಡೂ ಕೈಯಲ್ಲಿದ್ದಾಗ ಮಾತ್ರ ಅದರ ಫಲವನ್ನು ತೂಗಲು ಬರುತ್ತದೆ. ತೂಕ, ಕ್ರಿಯಾಟಿನಿನ್, ಮೂತ್ರದ ಪ್ರೋಟೀನ್ ಹಾಗೂ ಸಕ್ಕರೆ, ರಕ್ತದೊತ್ತಡ, ಹೆಪಟೈಟಿಸ್-ಬಿ ಫಲಿತಾಂಶ, ಸೇವಿಸುತ್ತಿರುವ ಇತರ ಔಷಧಗಳ ಪಟ್ಟಿ—ಇವುಗಳಲ್ಲಿ ಯಾವುದಕ್ಕೂ ದುಬಾರಿ ಯಂತ್ರ ಬೇಕಿಲ್ಲ, ತಾಲ್ಲೂಕು ಮಟ್ಟದಲ್ಲೇ ಸಿಗುತ್ತವೆ. ಡೆಕ್ಸಾ ಸ್ಕ್ಯಾನಿಗೆ ಬೆಂಗಳೂರಿನ ದೊಡ್ಡ ಆಸ್ಪತ್ರೆಗಳತ್ತ ಹೋಗಬೇಕಾಗಬಹುದಾದರೂ, ಯಾರು ಹೋಗಬೇಕು, ಯಾರಿಗೆ ಅದರ ಅಗತ್ಯವಿಲ್ಲ ಎಂಬುದನ್ನು ನಿರ್ಧರಿಸುವುದು ಈ ಸರಳ ಪರೀಕ್ಷೆಗಳೇ. ಅವುಗಳ ಫಲಿತಾಂಶವನ್ನು ರೋಗಿಯ ಚಿಕಿತ್ಸಾ ಪುಸ್ತಕದಲ್ಲಿ ಪ್ರತಿ ಆರು ತಿಂಗಳಿಗೊಮ್ಮೆ ಬರೆದಿಟ್ಟು, ರೋಗಿಗೂ ಅದರ ಅರ್ಥವನ್ನು ತಿಳಿಸಿದರೆ, 1.0 ಎಂಬ ಅಂಕಿಯನ್ನು ಕಂಡು ವಿನಾಕಾರಣ ಒಳ್ಳೆಯ ಔಷಧವನ್ನು ಕೈಬಿಡುವ ತಪ್ಪೂ, ನಿಜವಾದ ಹಾನಿಯನ್ನು ಸಹಜವೆಂದು ಕಡೆಗಣಿಸುವ ತಪ್ಪೂ ಎರಡೂ ತಪ್ಪುತ್ತವೆ.